ಬಿರುಕಕ್ಕನ ಎರಡು ಕ್ಯಾಮೆರಾ

ಕಟ್ಟಡ ತಪಾಸಣೆಯ ಆ ಕಚೇರಿಯಲ್ಲಿ ಅವಳ ನಿಜವಾದ ಹೆಸರು ಸಂಬಳದ ಪಟ್ಟಿ ಬರೆಯುವವನೊಬ್ಬನಿಗೇ ನೆನಪಿದ್ದದ್ದು. ಮಿಕ್ಕವರಿಗೆಲ್ಲ ಅವಳು ಬಿರುಕಕ್ಕ. ಗೋಡೆಯೋ, ಕಂಬವೋ, ನೀರಿನ ಟ್ಯಾಂಕೋ, ಸೇತುವೆಯ ಕಾಲೋ, ಎಲ್ಲಿ ಬಿರುಕು ಬಿಟ್ಟಿದೆ ಎಂದು ಅರ್ಜಿ ಬರುತ್ತದೋ ಅಲ್ಲಿಗೆ ಹೋಗಿ ಫೋಟೊ ತೆಗೆಯುವುದು ಅವಳ ಕೆಲಸ. ನಾಲ್ಕು ತಿಂಗಳಾದ ಮೇಲೆ ಮತ್ತೆ ಹೋಗಿ ಅದೇ ಬಿರುಕಿನ ಫೋಟೊ ತೆಗೆಯಬೇಕು. ಹಳೆಯದನ್ನೂ ಹೊಸದನ್ನೂ ಫೈಲಿನಲ್ಲಿ ಅಕ್ಕಪಕ್ಕ ಅಂಟಿಸಿ ಕೆಳಗೆ ಒಂದು ಸಾಲು ಬರೆಯಬೇಕು: ಬೆಳೆದಿದೆ, ಇಲ್ಲವೇ ಬೆಳೆದಿಲ್ಲ. ಎಂಜಿನಿಯರುಗಳು ಆ ಸಾಲಿನ ಕೆಳಗೆ ರುಜು ಹಾಕುತ್ತಿದ್ದರು.

ಹೀಗೆ ಇಪ್ಪತ್ತೆರಡು ವರ್ಷ. ಅಷ್ಟೂ ವರ್ಷಗಳಲ್ಲಿ ಅವಳು ಆ ಸಾಲನ್ನು ತಪ್ಪು ಬರೆದದ್ದು ಒಂದೇ ಸಲ. ಆದರೆ ಆ ಒಂದು ತಪ್ಪಿನ ಕೆಳಗೆ ಅರವತ್ತನಾಲ್ಕು ಜನ ದಿನಾ ಕೆಲಸ ಮಾಡುತ್ತಿದ್ದರು. ಅವರಲ್ಲಿ ಒಬ್ಬಳು ಅವಳ ಒಡಹುಟ್ಟಿದ ತಂಗಿ.

ತಂಗಿ ಎಂದರೆ ಬರೀ ತಂಗಿಯಲ್ಲ, ಸಾಕಿದ ಕೂಸು. ತಾಯಿ ತೀರಿಕೊಂಡಾಗ ಅಕ್ಕನಿಗೆ ಇಪ್ಪತ್ತು, ತಂಗಿಗೆ ಎಂಟು. ತಲೆ ಬಾಚಿ, ಶಾಲೆಗೆ ಕಳಿಸಿ, ಜ್ವರ ಬಂದರೆ ಪಕ್ಕದಲ್ಲಿ ಕೂತು ಬೆಳೆಸಿದ್ದಳು. ನಡುವೆ ಬಿರುಕಕ್ಕನಿಗೆ ಮದುವೆಯೂ ಆಗಿತ್ತು. ಗಂಡ ಎನಿಸಿಕೊಂಡ ಪುಣ್ಯಾತ್ಮ ಎರಡು ವರ್ಷ ಇದ್ದು, ಬೇರೆ ಊರಿನಲ್ಲಿ ಕೆಲಸ ಸಿಕ್ಕಿತೆಂದು ಹೊರಟವನು, ಹೋದವನು ಹೋದ. "ಅವನದ್ದೂ ನಾಲ್ಕು ತಿಂಗಳಿಗೊಂದು ಫೋಟೊ ತೆಗೆದಿಟ್ಟಿದ್ರೆ ಮೊದಲೇ ಗೊತ್ತಾಗ್ತಿತ್ತು" ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು. ಅಂತೂ ಎರಡು ಕೋಣೆಯ ಆ ಮನೆಯಲ್ಲಿ ಉಳಿದವರು ಅಕ್ಕ ತಂಗಿ ಇಬ್ಬರೇ. ತಂಗಿಗೆ ಪ್ರಿಂಟಿಂಗ್ ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿ ಕೆಲಸ ಕೊಡಿಸಿದ್ದೂ ಅಕ್ಕನೇ.

ಬಿರುಕಕ್ಕ ಕಚೇರಿಗೆ ಸೇರಿದ್ದು ಫೈಲು ಹೊರುವ ಅಟೆಂಡರಾಗಿ. ಆಗಿದ್ದ ಎಂಜಿನಿಯರಿಗೆ ಏಣಿ ಎಂದರೆ ಪ್ರಾಣಭಯ. ಮೂರನೇ ಮೆಟ್ಟಿಲಿನಿಂದಲೇ ಇಳಿದುಬಿಡುತ್ತಿದ್ದರು. ಒಂದು ದಿನ ಕ್ಯಾಮೆರಾವನ್ನು ಇವಳ ಕೈಗೆ ತುರುಕಿ, "ನೀನೇ ಹತ್ತಮ್ಮ, ನಿನಗೆ ಪುಣ್ಯ ಬರುತ್ತೆ" ಎಂದರು. ಹತ್ತಿದಳು. ಆಮೇಲೆ ಇಳಿಯಲೇ ಇಲ್ಲ ಎನ್ನಬೇಕು.

ಅವಳಿಗೊಂದು ಕ್ರಮವಿತ್ತು, ಯಾರೂ ಕಲಿಸಿದ್ದಲ್ಲ. ಬಿರುಕಿನ ಪಕ್ಕದಲ್ಲಿ ಆರಂಗುಲದ ಉಕ್ಕಿನ ಸ್ಕೇಲನ್ನು ಟೇಪಿನಿಂದ ಅಂಟಿಸುವುದು. ಎಡಗೈಯ ಮಣಿಕಟ್ಟನ್ನು ಗೋಡೆಗೆ ಒತ್ತಿ, ಅದೇ ಕೈಯಲ್ಲಿ ಹಿಡಿದ ಟಾರ್ಚಿನ ಬೆಳಕನ್ನು ಎಡಗಡೆಯಿಂದ ಓರೆಯಾಗಿ ಬಿಡುವುದು. ಬಲಗೈಯಲ್ಲಿ ಕ್ಯಾಮೆರಾ, ಗೋಡೆಯಿಂದ ಸರಿಯಾಗಿ ಒಂದು ಗೇಣು ದೂರ. ಫ್ಲ್ಯಾಷ್ ಹಾಕಬಾರದು. ಪ್ರತಿ ಸಲವೂ ಅದೇ ಕೈ, ಅದೇ ಗೇಣು, ಅದೇ ಓರೆ ಬೆಳಕು. ಒಂದು ಕೂದಲು ಹೆಚ್ಚುಕಡಿಮೆಯಾದರೂ ಇಳಿದುಬಂದು, ನೀರು ಕುಡಿದು, ಮತ್ತೆ ಹತ್ತಿ ತೆಗೆಯುತ್ತಿದ್ದಳು. ಇದಕ್ಕೆಲ್ಲ ಅವಳಲ್ಲಿದ್ದದ್ದು ಜೇಬಿನಲ್ಲಿ ಹಿಡಿಸುವ ಪುಟ್ಟ ಕಾಂಪ್ಯಾಕ್ಟ್ ಕ್ಯಾಮೆರಾ. ಬೆಳ್ಳಿಬಣ್ಣದ್ದು, ಮೂಲೆಗಳಲ್ಲಿ ಬಣ್ಣ ಸವೆದಿತ್ತು, ಲೆನ್ಸು ಹೊರಗೆ ಬರುವಾಗ ಗೊರ್ ಎಂದು ಗೊಣಗುತ್ತಿತ್ತು. ಕಚೇರಿಯಲ್ಲಿ ಅದಕ್ಕೆ ಸೋಪಿನ ಡಬ್ಬಿ ಎಂದೇ ಹೆಸರು.

ಆ ವರ್ಷ ಕಚೇರಿಗೆ ಹೊಸ ಕ್ಯಾಮೆರಾ ಬಂತು, ಅದರ ಹಿಂದೆಯೇ ಹೊಸ ಎಂಜಿನಿಯರ್ ಬಂದ. ಹುಡುಗು ಮುಖದವನು, ಮರಿ ಎಂಜಿನಿಯರ್ ಎಂದು ಇವಳೇ ಹೆಸರಿಟ್ಟಳು. ಕ್ಯಾಮೆರಾ ಫುಲ್ ಫ್ರೇಮ್ ಮಿರರ್‌ಲೆಸ್ ಅಂತೆ. ಅದಕ್ಕೊಂದು ಚೀಲ, ಚೀಲದೊಳಗೆ ಮೆತ್ತೆ, ಮೆತ್ತೆಯೊಳಗೆ ಎರಡು ಲೆನ್ಸು, ಜೊತೆಗೆ ಮೂರು ಕಾಲಿನ ಸ್ಟ್ಯಾಂಡು. ಹುಟ್ಟಿದ ಮಗುವಿಗೂ ಅಷ್ಟು ಉಪಚಾರ ಇರುವುದಿಲ್ಲ.

"ಇದರೊಳಗಿನ ಸೆನ್ಸರ್ ಹಳೇ ಫಿಲ್ಮ್ ರೋಲಿನ ಒಂದು ಚೌಕದಷ್ಟಿದೆ ಅಕ್ಕ," ಎಂದು ಮರಿ ಎಂಜಿನಿಯರ್ ವಿವರಿಸಿದ. "ನಿಮ್ಮ ಡಬ್ಬೀದು ಕಿರುಬೆರಳಿನ ಉಗುರಿನಷ್ಟು. ಚಿಕ್ಕ ಕಿಟಕಿ, ಕಮ್ಮಿ ಬೆಳಕು. ಅದಕ್ಕೇ ನಿಮ್ಮ ಫೋಟೊ ಎಲ್ಲ ಕಾಳುಕಾಳಾಗಿ ಬರೋದು."

"ಕಾಳೋ ಜೊಳ್ಳೋ, ಇಷ್ಟು ವರ್ಷ ಅದೇ ನಮ್ಮನ್ನ ಸಾಕಿದ್ದು" ಎಂದಳು ಬಿರುಕಕ್ಕ. ಆದರೆ ಒಳಗೊಳಗೆ ಆಸೆ ಆಗಿತ್ತು. ಸುಳ್ಳು ಯಾಕೆ ಹೇಳಬೇಕು.

ಮೊದಮೊದಲು ಅದು ಮಣಿಯಲಿಲ್ಲ. ಅವಳ ಒಂದು ಗೇಣಿನ ಲೆಕ್ಕಕ್ಕೆ ಬರಲೇ ಇಲ್ಲ. ಅಷ್ಟು ಹತ್ತಿರ ಹೋದರೆ ಅದಕ್ಕೆ ಏನೂ ಕಾಣುತ್ತಿರಲಿಲ್ಲ, ಎರಡು ಮೊಳ ಹಿಂದೆ ಸರಿದು ಸ್ಟ್ಯಾಂಡಿನ ಮೇಲೆ ಕೂರಿಸಬೇಕಾಗಿತ್ತು. ಡಬ್ಬಿಯಲ್ಲಾದರೆ ಸ್ಕೇಲೂ ತಿಳಿ, ಅದರ ಹಿಂದಿನ ಮೂಲೆಯೂ ತಿಳಿ. ಇದರಲ್ಲಿ ಸ್ಕೇಲಿನ ಗೆರೆ ಲಕಲಕ, ಮೂಲೆಯೊಳಗೆ ನಾಲ್ಕು ಬೆರಳು ಹಿಂದಿದ್ದ ಬಿರುಕು ಪೂರಾ ಮಂಜು. ಲೆನ್ಸಿನ ಕಂಡಿಯನ್ನು ಕಿರಿದು ಮಾಡಿದರೆ ಎಲ್ಲವೂ ತಿಳಿಯಾಗುತ್ತದೆ ಎಂದು ಮರಿ ಎಂಜಿನಿಯರ್ ತೋರಿಸಿಕೊಟ್ಟ. ಒಂದು ವಾರದಲ್ಲಿ ಅವಳಿಗೆ ಕೈ ಹತ್ತಿತು. ಕೈ ಹತ್ತಿದ ಮೇಲೆ ಹುಚ್ಚೂ ಹತ್ತಿತು. ಕಣ್ಣಿಗೆ ಕತ್ತಲೆ ಎನಿಸುವ ಮೂಲೆಯಲ್ಲಿ ಕೂಡ ಸಿಮೆಂಟಿನ ಒಂದೊಂದು ಕಣವನ್ನು ಎಣಿಸಬಹುದಾಗಿತ್ತು. ಸೋಪಿನ ಡಬ್ಬಿಯನ್ನು ಉಗ್ರಾಣದ ಗುಜರಿ ಪೆಟ್ಟಿಗೆಗೆ ಹಾಕಿ ಬಂದಳು, ಹಿಂತಿರುಗಿ ಕೂಡ ನೋಡಲಿಲ್ಲ.

ಆ ಮಂಗಳವಾರ ತಂಗಿಯ ಪ್ರೆಸ್ಸಿನ ಸರದಿ ಬಂತು. ಹಳೆಯ ಎರಡಂತಸ್ತಿನ ಕಟ್ಟಡ. ಕೆಳಗೆ ಬೈಂಡಿಂಗ್ ವಿಭಾಗ, ಉದ್ದುದ್ದ ಮೇಜುಗಳು, ಅಚ್ಚಾಗಿ ಬಂದ ಹಾಳೆಗಳನ್ನು ಮಡಿಸಿ ಹೊಲಿಯುವ ಜನ. ಮೇಲಿನ ಅಂತಸ್ತು ಕಾಗದದ ಗೋದಾಮು. ಶಾಲೆಯ ಪುಸ್ತಕಗಳ ಆರ್ಡರು ಬಂದಿದ್ದರಿಂದ ಆ ಸಲ ಕಾಗದದ ಬಂಡಲುಗಳನ್ನು ಸೂರು ಮುಟ್ಟುವಂತೆ ಪೇರಿಸಿದ್ದರು. ಆ ಗೋದಾಮನ್ನು ಹೊತ್ತ ಕಾಂಕ್ರೀಟಿನ ನಡುತೊಲೆಯ ತುದಿಯಲ್ಲಿ, ಕಂಬಕ್ಕೆ ಸೇರುವ ಕಡೆ, ಒಂದು ಬಿರುಕಿತ್ತು. ನಾಲ್ಕು ತಿಂಗಳ ಹಿಂದೆ ಅದರ ಫೋಟೊವನ್ನು ಡಬ್ಬಿಯಲ್ಲಿ ತೆಗೆದಿದ್ದಳು. ತೊಲೆಯ ನೇರ ಕೆಳಗೆ ತಂಗಿಯ ಮೇಜು.

"ಏನಕ್ಕ, ಹೊಸ ಮದುಮಗನ್ನ ಕರ್ಕೊಂಡ್ ಬಂದಂಗಿದೆ" ಎಂದು ತಂಗಿ ಕ್ಯಾಮೆರಾದ ಚೀಲ ನೋಡಿ ರೇಗಿಸಿದಳು. ಸುತ್ತಲಿನವರು ನಕ್ಕರು. ಬಿರುಕಕ್ಕ ಠೀವಿಯಿಂದ ಸ್ಟ್ಯಾಂಡು ಬಿಡಿಸಿ ಫೋಟೊ ತೆಗೆದುಕೊಂಡು ಹೊರಟಳು.

ಮಧ್ಯಾಹ್ನ ಕಚೇರಿಯ ದೊಡ್ಡ ಪರದೆಯ ಮೇಲೆ ಅದನ್ನು ಹಾಕಿದರು. ದೊಡ್ಡ ಸಾಹೇಬರು, ಅಂದರೆ ಕಚೇರಿಯ ಮುಖ್ಯಸ್ಥರು, ಕನ್ನಡಕ ಏರಿಸಿಕೊಂಡು ಮುಂದೆ ಬಂದರು. ಹಳೆಯ ಬಿರುಕು ಇದ್ದ ಹಾಗೇ ಇತ್ತು. ಆದರೆ ಅದರ ಬಲಕ್ಕೆ, ಕಂಬದ ಕಡೆಗೆ, ಕೂದಲೆಳೆಯಂಥ ಐದಾರು ಗೆರೆಗಳು ಓರೆಯಾಗಿ ಮೇಲಕ್ಕೆ ಹತ್ತಿದ್ದವು.

"ಇವು ಹೊಸವಾ?" ಎಂದು ಸಾಹೇಬರು ಕೇಳಿದರು.

ಮರಿ ಎಂಜಿನಿಯರ್ ಡಬ್ಬಿಯ ಹಳೆಯ ಫೋಟೊವನ್ನು ಪಕ್ಕದಲ್ಲಿ ಹಾಕಿ ಅಷ್ಟೇ ದೊಡ್ಡದು ಮಾಡಿದ. ಪರದೆ ತುಂಬ ಮರಳು ಚೆಲ್ಲಿದ ಹಾಗಾಯಿತು. ಯಾರೋ ಕಿಸಕ್ಕೆಂದರು. "ಇದೇನಮ್ಮ, ಗೋಡೆ ಫೋಟೊನಾ, ರವೆ ಫೋಟೊನಾ" ಎಂದು ಸಾಹೇಬರೂ ನಕ್ಕುಬಿಟ್ಟರು. ಇಪ್ಪತ್ತೆರಡು ವರ್ಷದ ದುಡಿಮೆಯ ಮೇಲೆ ನಕ್ಕ ಹಾಗೆ ಅವಳಿಗೆ ಕೇಳಿಸಿತು. ಮುಖ ಕೆಂಪಾಯಿತು. ತಾನು ಹೊಸದನ್ನು ಬಲ್ಲವಳು, ಹಳೆಯದಕ್ಕೆ ಅಂಟಿಕೊಂಡ ಮುದುಕಿಯಲ್ಲ ಎಂದು ತೋರಿಸಿಕೊಳ್ಳುವ ಆತುರ ಬಂದುಬಿಟ್ಟಿತು.

"ಹೊಸವಲ್ಲ ಸರ್. ಮೊದಲಿಂದ್ಲೂ ಇದ್ದವೇ. ಆ ಡಬ್ಬಿಗೆ ಇಷ್ಟು ಸಣ್ಣವು ಕಾಣ್ತಿರಲಿಲ್ಲ ಅಷ್ಟೆ. ಇದು ಒಳ್ಳೇ ಕ್ಯಾಮೆರಾ, ಕಾಣಿಸ್ತಿದೆ."

ಅವಳು ಹೇಳಿದ ಮೇಲೆ ಮುಗಿಯಿತು. ಬಿರುಕಿನ ವಿಷಯದಲ್ಲಿ ಅವಳ ಮಾತಿಗೆ ಎದುರಾಡುವವರು ಆ ಕಚೇರಿಯಲ್ಲಿರಲಿಲ್ಲ. "ಹಾಗಂತ್ಲೇ ಬರೀರಿ" ಎಂದರು ಸಾಹೇಬರು. ಬರೆದಳು: ಬೆಳೆದಿಲ್ಲ. ಹೊಸದಾಗಿ ಕಂಡ ಗೆರೆಗಳು ಕ್ಯಾಮೆರಾ ಬದಲಾದ್ದರಿಂದ ಕಂಡವು. ಸಾಹೇಬರ ರುಜು ಬಿತ್ತು, ಒಂದು ಪ್ರತಿ ಪ್ರೆಸ್ಸಿಗೆ ಹೋಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಬರೆದದ್ದಂತೂ ಅದಕ್ಕಿಂತ ಗಟ್ಟಿ.

ಗುರುವಾರ ಬೆಳಿಗ್ಗೆ ಅವಳು ಫೋಟೊಗಳನ್ನು ಫೈಲಿಗೆ ಅಂಟಿಸುತ್ತ ಕೂತಿದ್ದಳು. ಎಡಕ್ಕೆ ಡಬ್ಬಿಯದು, ಬಲಕ್ಕೆ ಹೊಸದು. ಪರದೆಯ ಮೇಲೆ ಮರಳಾಗಿದ್ದ ಹಳೆಯ ಫೋಟೊ ಅಂಗೈಯಗಲದ ಕಾಗದದ ಮೇಲೆ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಗೋಂದು ಹಚ್ಚಿ, ಬಟ್ಟೆಯಿಂದ ಒತ್ತಿ, ಅಂಚು ಸರಿಮಾಡುವಾಗ ಸ್ಕೇಲಿನ ಮೂರನೆಯ ಗೆರೆಯ ಪಕ್ಕ ಏನೋ ಕಂಡಿತು. ಕಸ ಅಂದುಕೊಂಡು ಉಗುರಿನಿಂದ ಕೆರೆದಳು. ಹೋಗಲಿಲ್ಲ. ಭೂತಗನ್ನಡಿ ತಂದು ನೋಡಿದಳು.

ಸುಣ್ಣ ಬಳಿಯುವ ಬ್ರಷ್ಷಿನ ಒಂದು ಕೂದಲು. ಯಾವಾಗಲೋ ಬಳಿಯುವಾಗ ಉದುರಿ ಸುಣ್ಣದ ಜೊತೆ ತೊಲೆಗೆ ಅಂಟಿಕೊಂಡಿತ್ತು. ಬಲಗಡೆಯ ಹೊಸ ಫೋಟೊದಲ್ಲೂ ಅದೇ ಜಾಗದಲ್ಲಿ ಅದೇ ಕೂದಲಿತ್ತು. ಹೊಸ ಗೆರೆಗಳಲ್ಲಿ ಒಂದು ಅದರ ಅಡಿಯಿಂದಲೇ ಹಾದುಹೋಗಿತ್ತು, ಕೂದಲಿಗಿಂತ ಒಂದು ಪಾಲು ದಪ್ಪವಾಗಿಯೇ.

ಡಬ್ಬಿಗೆ ಕೂದಲು ಕಂಡಿದೆ. ಕೂದಲು ಕಂಡ ಕ್ಯಾಮೆರಾಕ್ಕೆ ಕೂದಲಿಗಿಂತ ದಪ್ಪದ ಬಿರುಕು ಹೇಗೆ ಕಾಣದೆ ಹೋದೀತು? ಕಾಣಲಿಲ್ಲ ಎಂದರೆ ಅವತ್ತು ಅದು ಇರಲೇ ಇಲ್ಲ.

ಮೊದಲು ಸಾಹೇಬರಿಗೆ ಫೋನು ಮಾಡಿದಳು. ಅವರು ಯಾವುದೋ ಸಭೆಯಲ್ಲಿ ಫೋನು ಆರಿಸಿಟ್ಟಿದ್ದರು. ಮರಿ ಎಂಜಿನಿಯರ್ ಹೊಸ ಕ್ಯಾಮೆರಾ ತೆಗೆದುಕೊಂಡು ಊರಾಚೆಯ ಸೇತುವೆಗೆ ಹೋಗಿದ್ದ. ಅವನ ಫೋನು ಗಂಟೆ ಬಾರಿಸಿತೇ ಹೊರತು ಅವನು ಎತ್ತಲಿಲ್ಲ. ಆಮೇಲೆ ತಂಗಿಗೆ ಮಾಡಿದಳು. ಕೆಲಸದ ಹೊತ್ತಿನಲ್ಲಿ ಫೋನುಗಳನ್ನೆಲ್ಲ ಪ್ರೆಸ್ಸಿನ ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ ಇಡಿಸುತ್ತಾರೆ ಎಂಬುದು ಆಮೇಲೆ ನೆನಪಾಯಿತು.

ಉಗ್ರಾಣಕ್ಕೆ ಓಡಿದಳು. ಡಬ್ಬಿಯಲ್ಲಿ ತೆಗೆದದ್ದನ್ನು ಡಬ್ಬಿಯಲ್ಲೇ ತೆಗೆದು ನೋಡಬೇಕು. ಗೆರೆಗಳು ಅದಕ್ಕೂ ಕಂಡರೆ ಮತ್ತೆ ಮಾತಿಲ್ಲ. ಕಾಣದಿದ್ದರೆ ತನ್ನ ಭಯವೇ ಸುಳ್ಳು. ಸುಳ್ಳಾಗಲಿ ಎಂದು ಮನಸ್ಸು ಹಾರೈಸುತ್ತಿತ್ತು.

"ಗುಜರಿ ಪಟ್ಟೀಲಿ ಹೋಗಿರೋ ಮಾಲು ಅಕ್ಕ," ಎಂದ ಉಗ್ರಾಣದವನು, ಕುರ್ಚಿಯಿಂದ ಏಳದೆ. "ಚೀಟಿ ಇಲ್ದೆ ಹೇಗೆ ಕೊಡ್ಲಿ?"

"ನೀನು ಕೊಡಬೇಡ. ನಾನೇ ತಗೊಳ್ತೀನಿ. ಕಳುವಾಯ್ತು ಅಂತ ಬರ್ಕೋ, ಕಳ್ಳಿ ಯಾರು ಅಂತ್ಲೂ ಬರ್ಕೋ."

ಪೆಟ್ಟಿಗೆಯ ತಳದಲ್ಲಿ, ಮುರಿದ ಸ್ಟೇಪ್ಲರುಗಳ ನಡುವೆ ಅದು ಸಿಕ್ಕಿತು. ಚಾರ್ಜರು ಸಿಗಲಿಲ್ಲ. ಒತ್ತಿ ನೋಡಿದಳು. ಚಾಲೂ ಆಯಿತು, ಆದರೆ ಬ್ಯಾಟರಿಯ ಗುರುತು ಕೆಂಪಗೆ ಮಿಣುಕುತ್ತಿತ್ತು. ತಕ್ಷಣ ಆರಿಸಿ, ಫೈಲಿನಿಂದ ಹಳೆಯ ಫೋಟೊ ಇದ್ದ ಹಾಳೆಯನ್ನು ಕಿತ್ತುಕೊಂಡು, ಆಟೋ ಹತ್ತಿದಳು. ಐವತ್ತೆರಡು ವರ್ಷದ ಹೆಂಗಸು ಫೈಲಿನ ಹಾಳೆ ಕಿತ್ತದ್ದು ಅದೇ ಮೊದಲು.

ಪ್ರೆಸ್ಸಿನಲ್ಲಿ ಯಂತ್ರಗಳು ಓಡುತ್ತಿದ್ದವು. ಹಿಂದಿನ ಕೋಣೆಯ ಅಚ್ಚಿನ ಯಂತ್ರ ಧಡ್ ಧಡ್ ಎಂದ ಹಾಗೆಲ್ಲ ನೆಲ ಸಣ್ಣಗೆ ಅದುರುತ್ತಿತ್ತು. ಮಂಗಳವಾರವೂ ಹೀಗೇ ಅದುರಿತ್ತೇ? ಇರಬಹುದು. ಅವತ್ತು ಅವಳ ಗಮನವೆಲ್ಲ ಸ್ಟ್ಯಾಂಡಿನ ಮೇಲಿತ್ತು. ಮೇಜಿನ ಹತ್ತಿರ ಬಂದ ಅಕ್ಕನ ಮುಖ ನೋಡಿದ್ದೇ ತಂಗಿ ಮಡಿಸುತ್ತಿದ್ದ ಹಾಳೆಯನ್ನು ಕೆಳಗಿಟ್ಟಳು.

"ಏನಾಯ್ತಕ್ಕ?"

"ಏಣಿ ಹಿಡ್ಕೋ. ಮಾತಾಡ್ಬೇಡ."

ಮೇಲೆ ಹತ್ತಿ ಸ್ಕೇಲು ಅಂಟಿಸಿದಳು. ಎಡ ಮಣಿಕಟ್ಟನ್ನು ತೊಲೆಗೆ ಒತ್ತಿದಳು. ತೊಲೆಯ ಅದುರು ಮಣಿಕಟ್ಟಿನಿಂದ ಮೊಣಕೈವರೆಗೂ ಹತ್ತಿ ಬಂತು. ಟಾರ್ಚಿನ ಬೆಳಕನ್ನು ಎಡದಿಂದ ಓರೆಯಾಗಿ ಬಿಟ್ಟು, ಬಲಗೈಯಲ್ಲಿ ಡಬ್ಬಿಯನ್ನು ಒಂದು ಗೇಣು ದೂರಕ್ಕೆ ಹಿಡಿದಳು. ಆ ದೊಡ್ಡ ಕ್ಯಾಮೆರಾವನ್ನು ಹೀಗೆ ಒಂಟಿ ಕೈಯಲ್ಲಿ ಹಿಡಿಯುವುದು ಕನಸಿನ ಮಾತು. ಗುಂಡಿ ಒತ್ತಿದಳು. ಲೆನ್ಸು ಗೊರ್ ಎಂದು ಅರ್ಧ ಬಂದು ಸಿಕ್ಕಿಹಾಕಿಕೊಂಡಿತು. ಬೆರಳಿನಿಂದ ಒಮ್ಮೆ ತಟ್ಟಿದಳು, ಇನ್ನೊಮ್ಮೆ ತಟ್ಟಿದಳು. ಬಂತು. ಮೊದಲ ಫೋಟೊ ಅಲುಗಿತು. ಉಸಿರು ಕಟ್ಟಿ, ಯಂತ್ರದ ಎರಡು ಬಡಿತಗಳ ನಡುವೆ ಇನ್ನೊಂದು ತೆಗೆದಳು.

ಕ್ಯಾಮೆರಾದ ಬೆನ್ನ ಮೇಲಿನ ಬೆಂಕಿಪೊಟ್ಟಣದಷ್ಟು ಪರದೆಯಲ್ಲಿ ಅದನ್ನು ದೊಡ್ಡದು ಮಾಡಿದಳು. ಬ್ರಷ್ಷಿನ ಕೂದಲು ಕಂಡಿತು. ಅದರ ಬಲಕ್ಕೆ ಒಂದು, ಎರಡು, ಮೂರು ಗೆರೆ. ಕೂದಲಿನ ಅಡಿಯಿಂದ ಹಾದುಹೋದದ್ದೂ ಸೇರಿ ನಾಲ್ಕು. ಹಳೆಯ ಫೋಟೊ ತೆಗೆದು ಪಕ್ಕದಲ್ಲಿ ಹಿಡಿದಳು. ಒಂದೂ ಇಲ್ಲ. ಮತ್ತೊಮ್ಮೆ ಪರದೆಯ ಕಡೆಗೆ ಕಣ್ಣು ಹೊರಳಿಸುವಷ್ಟರಲ್ಲಿ ಕೆಂಪು ಗುರುತು ಎರಡು ಸಲ ಮಿಣುಕಿ ಡಬ್ಬಿ ಆರಿಹೋಯಿತು. ಒತ್ತಿದಳು, ತಟ್ಟಿದಳು, ಬ್ಯಾಟರಿ ತೆಗೆದು ಅಂಗೈಯಲ್ಲಿ ಉಜ್ಜಿ ಹಾಕಿದಳು. ಊಹೂಂ.

ಏಣಿ ಇಳಿದು ನೇರ ಮ್ಯಾನೇಜರನ ಕೋಣೆಗೆ ನುಗ್ಗಿದಳು. "ಯಂತ್ರ ನಿಲ್ಸಿ. ಎಲ್ಲರನ್ನೂ ಆಚೆ ಕಳ್ಸಿ. ಆ ತೊಲೆ ನಂಬೋ ಹಾಗಿಲ್ಲ."

ಮ್ಯಾನೇಜರ್ ಕೆಟ್ಟವನಲ್ಲ, ಆದರೆ ಪುಸ್ತಕಗಳನ್ನು ಕಳಿಸುವ ಗಡುವು ತಲೆಯ ಮೇಲೆ ಕೂತಿತ್ತು. ಅವನು ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದ. "ನಿನ್ನೆ ತಾನೆ ಬಂದಿದೆ ನಿಮ್ಮ ಕಚೇರಿಯಿಂದ. ಬೆಳೆದಿಲ್ಲ ಅಂತಿದೆ. ಯಾರ ಕೈಬರಹ ಇದು?"

"ನಂದೇ."

"ಮಂಗಳವಾರ ಬೆಳೆದಿಲ್ಲ, ಗುರುವಾರ ನಂಬೋ ಹಾಗಿಲ್ಲ. ಇದು ಕಟ್ಟಡವೇನಮ್ಮ, ಎರಡು ದಿನಕ್ಕೆ ಬೆಳೆಯೋ ಬಿದಿರೇ? ಎಲ್ಲಿ ತೋರಿಸಿ, ಏನು ಕಾಣ್ತು ನಿಮಗೆ."

ಡಬ್ಬಿಯನ್ನು ಮುಂದೆ ಹಿಡಿದಳು. ಕಪ್ಪು ಪರದೆ. ಅವನು ಅದನ್ನೂ ಅವಳನ್ನೂ ನೋಡಿ ಕಾಗದವನ್ನು ಮತ್ತೆ ಮಡಿಸಿದ. "ನಿಮ್ಮ ಸಾಹೇಬರು ಹೇಳಲಿ, ನಿಲ್ಲಿಸ್ತೀನಿ" ಎಂದ.

ಕೋಣೆಯಿಂದ ಹೊರಗೆ ಬಂದಳು. ಮೇಜುಗಳ ಸಾಲಿನ ನಡುವೆ ನಿಂತಳು. ಏನು ಹೇಳಬೇಕು, ಯಾವ ಮುಖದಿಂದ ಹೇಳಬೇಕು? ಇಲ್ಲಿ ಕೂತವರಲ್ಲಿ ಅರ್ಧ ಜನ ಅವಳನ್ನು ಬಲ್ಲವರು. ಅಕ್ಕ ಬಂದು ನೋಡಿದ್ದಾಳೆ, ಇನ್ನೇನು ಭಯ ಎಂದುಕೊಂಡು ಎರಡು ದಿನ ನೆಮ್ಮದಿಯಾಗಿ ಕೆಲಸ ಮಾಡಿದವರು. ತಲೆಯ ಮೇಲೆ ಬಂಡಲು ಬಂಡಲು ಕಾಗದ. ಯಂತ್ರದ ಸದ್ದಿನ ಮೇಲೆ ಕೇಳಿಸುವಂತೆ ದನಿ ಏರಿಸಿದಳು.

"ಎಲ್ರೂ ಕೇಳಿ. ಈ ತೊಲೆಗೆ ಏನೂ ಆಗಿಲ್ಲ ಅಂತ ಮಂಗಳವಾರ ಬರ್ದೋಳು ನಾನು. ತಪ್ಪು ಬರ್ದೆ. ಹೊಸ ಬಿರುಕು ಬಿಟ್ಟಿದೆ. ಹೊಸ ಕ್ಯಾಮೆರಾದ ಗುಂಗಿನಲ್ಲಿ ನನಗೆ ತಿಳೀಲಿಲ್ಲ. ಇವತ್ತು ಹಳೇದರಲ್ಲಿ ನೋಡ್ದೆ. ದಯವಿಟ್ಟು ಆಚೆ ನಡೀರಿ."

ಯಾರೂ ಅಲುಗಲಿಲ್ಲ. ಕೆಲವರು ಮ್ಯಾನೇಜರನ ಬಾಗಿಲ ಕಡೆ ನೋಡಿದರು. ಅರ್ಧ ದಿನದ ಕೂಲಿ ಯಾರಿಗೂ ಹಗುರವಲ್ಲ. ಒಬ್ಬ ಮುದುಕ, "ಮೊದಲು ಒಂದು ಹೇಳ್ತಾರೆ, ಆಮೇಲೆ ಒಂದು ಹೇಳ್ತಾರೆ" ಎಂದು ಗೊಣಗಿ ಸೂಜಿಗೆ ದಾರ ಪೋಣಿಸಿದ. ಬಿರುಕಕ್ಕನಿಗೆ ಅಳು ಬಂತು. ಅವನ ಕೈ ಹಿಡಿದು ಎಳೆಯಲೇ, ಕಾಲು ಹಿಡಿಯಲೇ ಎಂದು ತಿಳಿಯದೆ ನಿಂತಳು.

ಆಗ ತಂಗಿ ಎದ್ದು ನಿಂತಳು. ಏಪ್ರನ್ ಬಿಚ್ಚಿ ಮೇಜಿನ ಮೇಲೆ ಹಾಕಿದಳು.

"ನಮ್ಮಕ್ಕ ತಪ್ಪು ಮಾಡ್ದೆ ಅಂತ ಬಾಯ್ಬಿಟ್ಟು ಹೇಳಿದ್ದು ನಾನು ಹುಟ್ಟಿದ್ಮೇಲೆ ಇದೇ ಮೊದಲು. ಅವಳ ಬಾಯಿಂದ ಆ ಮಾತು ಬರ್ಬೇಕು ಅಂದ್ರೆ ಈ ಕಟ್ಟಡ ಬಿದ್ದೇ ಬೀಳುತ್ತೆ. ನಾನಂತೂ ಹೊರಟೆ."

ಯಾರೋ ನಕ್ಕರು. ನಕ್ಕವರೇ ಮೊದಲು ಎದ್ದರು. ಅವರ ಹಿಂದೆ ಪಕ್ಕದ ಮೇಜಿನವರು ಎದ್ದರು, ಆಮೇಲೆ ಕುರ್ಚಿಗಳು ಸಾಲಾಗಿ ಕಿರ್ರೆಂದವು. ಮುದುಕ ಸೂಜಿಯನ್ನು ಹೊಲಿಗೆಯಲ್ಲೇ ಚುಚ್ಚಿಟ್ಟು ಕೊನೆಗೆ ಬಂದ. ಹಿಂದಿನ ಕೋಣೆಯ ಯಂತ್ರದವರು ಇದೇನು ಗದ್ದಲವೆಂದು ಇಣುಕಿ, ಯಂತ್ರ ನಿಲ್ಲಿಸಿ ಅವರೂ ಹೊರಗೆ ಬಂದರು.

ರಸ್ತೆಯ ಆಚೆ ಬದಿಯಲ್ಲಿ ನಿಂತು ಒಂದು ಗಂಟೆ ಕಳೆಯಿತು. ಕಟ್ಟಡ ಕಲ್ಲುಗುಂಡಿನ ಹಾಗೆ ನಿಂತಿತ್ತು. ಬಿಸಿಲು ಏರಿತು. ಗೊಣಗಾಟ ಶುರುವಾಯಿತು. ಮ್ಯಾನೇಜರ್ ಬಾಗಿಲಲ್ಲಿ ನಿಂತು ಹಾಜರಿ ಪುಸ್ತಕ ತೋರಿಸಿ, "ಹತ್ತು ನಿಮಿಷದಲ್ಲಿ ಒಳಗೆ ಬಂದೋರಿಗೆ ಪೂರ್ತಿ ದಿನದ ಕೂಲಿ" ಎಂದು ಕೂಗಿದ. ಏಳೆಂಟು ಜನ ರಸ್ತೆ ದಾಟಲು ಹೊರಟರು. ತಂಗಿ ಹೋಗಿ ಅವರಿಗೆ ಅಡ್ಡ ನಿಂತಳು. ಬಿರುಕಕ್ಕ ಫೋನು ಒತ್ತುತ್ತಲೇ ಇದ್ದಳು. ಹದಿನೇಳನೆಯ ಸಲಕ್ಕೆ ಮರಿ ಎಂಜಿನಿಯರ್ ಎತ್ತಿದ.

"ನೀವೇ ಹೇಳಿದ್ರಲ್ಲ ಅಕ್ಕ, ಮೊದಲಿಂದ್ಲೂ ಇದ್ವು ಅಂತ?"

"ಹೇಳ್ದೆ ಕಣೋ, ಹೇಳ್ದೆ. ಜಗಳ ಆಮೇಲೆ ಆಡು. ಈಗ ಕ್ಯಾಮೆರಾ ತಗೊಂಡ್ ಬಾ."

ಅವನು ಅರ್ಧ ಗಂಟೆಯಲ್ಲಿ ಬಂದ. ಒಳಗೆ ಹೋಗುವುದು ತಾವಿಬ್ಬರೇ, ಐದೇ ನಿಮಿಷ ಎಂದು ಅವನಿಗೆ ಹೇಳಿಯೇ ಕರೆದುಕೊಂಡು ಹೋದಳು. ಮಂಗಳವಾರ ಸ್ಟ್ಯಾಂಡಿನ ಕಾಲುಗಳಿಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿಟ್ಟಿದ್ದಳು. ಅಷ್ಟಾದರೂ ಬುದ್ಧಿ ಇತ್ತು ಅನ್ನಬೇಕು. ಅದೇ ಗುರುತಿನ ಮೇಲೆ ನಿಲ್ಲಿಸಿ ಅವನು ಫೋಟೊ ತೆಗೆದ. ಮಂಗಳವಾರದ್ದೂ ಅದೇ ಕ್ಯಾಮೆರಾದಲ್ಲಿತ್ತು. ಒಂದಾದ ಮೇಲೊಂದು ಹಾಕಿ ನೋಡಿದರು. ಮಂಗಳವಾರ ಸ್ಕೇಲಿನ ಐದನೆಯ ಗೆರೆಯ ಹತ್ತಿರ ನಿಂತಿದ್ದ ಬಿರುಕು ಇವತ್ತು ಸ್ಕೇಲು ದಾಟಿ ಕಂಬದ ಅಂಚು ಮುಟ್ಟಿತ್ತು. ಇನ್ನೊಂದರ ಬಾಯಿ ಕಣ್ಣಿಗೇ ಕಾಣುವಷ್ಟು ತೆರೆದಿತ್ತು. ಡಬ್ಬಿಗೆ ನಾಲ್ಕು ತಿಂಗಳ ವ್ಯತ್ಯಾಸ ಕಂಡಿತ್ತು. ಇದಕ್ಕೆ ಎರಡೇ ದಿನದ್ದು ಕಂಡಿತು.

ಮರಿ ಎಂಜಿನಿಯರನ ಮುಖದಲ್ಲಿ ರಕ್ತವಿರಲಿಲ್ಲ. ಸ್ಟ್ಯಾಂಡನ್ನು ಮಡಿಸದೆ ಹಾಗೇ ಹೊತ್ತುಕೊಂಡು ಹೊರಗೆ ಬಂದು, ಸಾಹೇಬರನ್ನು ಸಭೆಯಿಂದ ಎಬ್ಬಿಸಿ ಫೋನಿಗೆ ಕರೆಸಿದ. ಮಾತು ಎರಡೇ ನಿಮಿಷ. ಆಮೇಲೆ ಫೋನನ್ನು ಮ್ಯಾನೇಜರನ ಕಿವಿಗೆ ಹಿಡಿದ. ಮ್ಯಾನೇಜರ್ "ಸರಿ ಸರ್, ಸರಿ ಸರ್" ಎನ್ನುತ್ತ ಬಾಗಿಲಿಗೆ ಬೀಗ ಹಾಕಿದ. ತೊಲೆಗೆ ಆಸರೆ ಕಂಬ ಕೊಡುವ ತಂಡ ಸಂಜೆಯೊಳಗೆ ಬರುತ್ತದೆ ಎಂದಾಯಿತು.

ತಂಡ ಬರುವವರೆಗೆ ಅದು ಕಾಯಲಿಲ್ಲ. ನಾಲ್ಕು ಗಂಟೆ ದಾಟಿತ್ತು. ಫೋನು, ಬುತ್ತಿ ಎಲ್ಲ ಒಳಗೇ ಉಳಿದಿದ್ದರಿಂದ ಯಾರೂ ಮನೆಗೆ ಹೋಗಿರಲಿಲ್ಲ. ಒಳಗೆ ಒಣ ಸೌದೆ ಮುರಿದಂಥ ಒಂದು ಸದ್ದಾಯಿತು, ಅಷ್ಟೇನೂ ದೊಡ್ಡದಲ್ಲ. ಆಮೇಲೆ ಮೇಲಂತಸ್ತಿನ ನೆಲ ನಡುವಿನಲ್ಲಿ ಕುಸಿದು ಕೆಳಗೆ ಕೂತಿತು. ಕಿಟಕಿಗಳಿಂದ ಸುಣ್ಣದ ಧೂಳು ಹೊರನುಗ್ಗಿತು. ಬಂಡಲುಗಳು ಉರುಳಿ ಬೀಳುವ ಸದ್ದು ಬಹಳ ಹೊತ್ತು ಕೇಳುತ್ತಲೇ ಇತ್ತು. ಮ್ಯಾನೇಜರ್ ಹಾಜರಿ ಪುಸ್ತಕ ಹಿಡಿದು ಒಬ್ಬೊಬ್ಬರನ್ನೂ ಮುಟ್ಟಿ ಮುಟ್ಟಿ ಎಣಿಸಿದ. ಅರವತ್ತನಾಲ್ಕು. ನಂಬಿಕೆ ಬರದೆ ಮತ್ತೆ ಮೊದಲಿಂದ ಎಣಿಸಿದ. ಅರವತ್ತನಾಲ್ಕೇ. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಧೂಳು ಇಳಿದ ಮೇಲೆ ಒಡೆದ ಕಿಟಕಿಯಿಂದ ಒಳಗಿನ ಮೇಜುಗಳು ಕಂಡವು. ಕಂಡವು ಎಂದರೆ, ಇದ್ದ ಜಾಗ ಕಂಡಿತು. ತಂಗಿಯ ಮೇಜಿದ್ದ ಕಡೆ ಕಾಗದದ ಗುಡ್ಡೆ, ಅದರ ಮೇಲೆ ತೊಲೆಯ ಒಂದು ತುಂಡು.

ಅಕ್ಕ ತಂಗಿ ಇಬ್ಬರೂ ಎದುರಿನ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದರು. ತಂಗಿ ಅಕ್ಕನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಬಂದವರು ಹೋದವರೆಲ್ಲ ಬಿರುಕಕ್ಕನನ್ನು ಹೊಗಳಿದರು. ಆ ಮುದುಕ ಬಂದು ಅವಳ ತಲೆಯ ಮೇಲೆ ಕೈಯಿಟ್ಟು ಹೋದ. ಮರಿ ಎಂಜಿನಿಯರ್ ಟೀ ತಂದುಕೊಟ್ಟು, "ನೀವು ಬರದೆ ಇದ್ದಿದ್ರೆ ಏನಾಗ್ತಿತ್ತೋ ಅಕ್ಕ" ಎಂದ. ಅವಳು ಎಲ್ಲರಿಗೂ ತಲೆಯಾಡಿಸಿದಳು. ಟೀ ಕಟ್ಟೆಯ ಮೇಲೇ ಆರಿತು.

ಜನ ಚದುರಿದ ಮೇಲೆ ತಂಗಿ ಕಟ್ಟಡದ ಕಡೆಗೇ ನೋಡುತ್ತ ಕೇಳಿದಳು.

"ಅಕ್ಕ, ಮಂಗಳವಾರ ಆ ಸಾಲು ಬರೀವಾಗ, ಆ ತೊಲೆ ಕೆಳಗೆ ನಾನು ಕೂತಿರ್ತೀನಿ ಅಂತ ನಿನ್ನ ತಲೇಲಿತ್ತಾ?"

ಬಿರುಕಕ್ಕ ಸುಳ್ಳು ಹೇಳಬಹುದಾಗಿತ್ತು. ನಾಲಗೆಯ ತುದಿಗೆ ಬಂದೂ ಇತ್ತು. ಆದರೆ ಒಂದೇ ವಾರದಲ್ಲಿ ಎರಡು ಸುಳ್ಳು ಅವಳಿಂದಾಗಲಿಲ್ಲ.

"ಇರಲಿಲ್ಲ," ಎಂದಳು. "ನನ್ನ ಫೋಟೊ ನೋಡಿ ಅವರು ನಕ್ರಲ್ಲ, ಅದೊಂದೇ ತಲೇಲಿತ್ತು."

ತಂಗಿ ಬೈಯಲಿಲ್ಲ, ಅಳಲಿಲ್ಲ, ಎದ್ದೂ ಹೋಗಲಿಲ್ಲ. ಹಿಡಿದುಕೊಂಡಿದ್ದ ಅಕ್ಕನ ಕೈಯನ್ನು ಮೆಲ್ಲನೆ ಅಕ್ಕನ ತೊಡೆಯ ಮೇಲೇ ಇಟ್ಟು, ತನ್ನ ಕೈ ತೆಗೆದುಕೊಂಡಳು.